ಪ್ಲಾಸ್ಟಿಕ್ ಮಾಡೆಲ್‌ಗೆ ಪ್ರೈಮರ್: ಆರಿಸುವುದು, ತೆಳು ಮಾಡುವುದು, ಕಲಬುರಗಿ ಬಿಸಿಲಲ್ಲಿ ಹೊಡೆಯುವುದು

ಮೇ ತಿಂಗಳ ಒಂದು ಮಧ್ಯಾಹ್ನ 1:72 ಅಳತೆಯ, ಅಂದರೆ ನಿಜವಾದದ್ದರ 72ನೇ ಒಂದು ಭಾಗದಷ್ಟಿರುವ, ಹಾಕ್ ವಿಮಾನದ ಮಾಡೆಲ್‌ ರೆಕ್ಕೆಗೆ ಪ್ರೈಮರ್ (ಬಣ್ಣಕ್ಕೂ ಮೊದಲಿನ ಕೋಟ್) ಹೊಡೆದೆ. ಬೀದರ್‌ನ ಸೂರ್ಯಕಿರಣ, ಅಂದರೆ ವಾಯುಪಡೆಯ ಆಕಾಶ ಕಸರತ್ತಿನ ತಂಡದ ಕೆಂಪು-ಬಿಳಿ ವಿಮಾನ ಮಾಡಬೇಕು ಅಂತ ಬಹಳ ದಿನದ ಆಸೆ. ಹೊರಗೆ 43 ಡಿಗ್ರಿ. ಒಂದು ಭಾಗ ಪ್ರೈಮರ್, ಅದನ್ನು ತೆಳು ಮಾಡುವ ಥಿನ್ನರ್ ಒಂದು ಭಾಗ, ಏರ್‌ಬ್ರಶ್‌ಗೆ (ಕಂಪ್ರೆಸರ್ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) 20 ಪಿಎಸ್‌ಐ ಗಾಳಿಯ ಒತ್ತಡ. ಎಲ್ಲರೂ ಹೇಳುವ ಲೆಕ್ಕವೇ. ಒಣಗಿದ ಮೇಲೆ ಬೆರಳು ಸವರಿದರೆ ಜೋಳದ ರವೆ ಮುಟ್ಟಿದ ಹಾಗಿತ್ತು. ಅದೇ ಬಾಟಲಿ, ಅದೇ ಲೆಕ್ಕ, ಹಿಂದಿನ ಡಿಸೆಂಬರ್‌ನಲ್ಲಿ ಮೊಟ್ಟೆ ಸಿಪ್ಪೆಯಷ್ಟು ನುಣುಪಾಗಿ ಬಂದಿತ್ತು.

ಆಗ ತಲೆಗೆ ಹೋಯ್ತು. ಥಿನ್ನರ್ ಎಷ್ಟು ಅನ್ನುವುದನ್ನು ಬಾಟಲಿ ನೋಡಿ ಅಲ್ಲ, ಕೋಣೆಯ ಗಾಳಿ ನೋಡಿ ಹೇಳಬೇಕು. ನಾವು ಓದುವ ಲೆಕ್ಕಗಳೆಲ್ಲ 20-25 ಡಿಗ್ರಿ ಇರುವ ಕೋಣೆಯಲ್ಲಿ ಕೂತವರು ಬರೆದದ್ದು. ನಮ್ಮ ಊರಲ್ಲಿ ಆ ಹವೆ ವರ್ಷಕ್ಕೆ ಎರಡೋ ಮೂರೋ ತಿಂಗಳು, ಅಷ್ಟೇ. ಹಾಗಾಗಿ ಇದು ಕಲಬುರಗಿಯ ಲೆಕ್ಕ. ಬೀದರ್ ಸ್ವಲ್ಪ ತಂಪು, ಯಾದಗಿರಿ ನಮ್ಮಷ್ಟೇ ಬಿಸಿ. ನಿಮ್ಮ ಊರಿಗೆ ತಕ್ಕಂತೆ ಹೆಚ್ಚು-ಕಮ್ಮಿ ಮಾಡಿಕೊಳ್ಳಿ.

ಪ್ರೈಮರ್ ಮಾಡುವ ಕೆಲಸ

ಕಿಟ್‌ನ ಪ್ಲಾಸ್ಟಿಕ್ ಅಂದರೆ ಪಾಲಿಸ್ಟೈರೀನ್. ಅದು ನುಣುಪು, ಬಣ್ಣಕ್ಕೆ ಹಿಡಿತ ಕಮ್ಮಿ. ಪ್ರೈಮರ್ ಆ ಹಿಡಿತ ಕೊಡುತ್ತದೆ. ಎರಡನೆಯದು, ಪುಟ್ಟಿ ಒಂದು ಬಣ್ಣ, ಪ್ಲಾಸ್ಟಿಕ್ ಒಂದು ಬಣ್ಣ, ಲೋಹದ ಚೂರು ಇನ್ನೊಂದು ಬಣ್ಣ ಇರುತ್ತದಲ್ಲ, ಎಲ್ಲವನ್ನೂ ಒಂದೇ ಬಣ್ಣಕ್ಕೆ ತರುತ್ತದೆ. ಮೂರನೆಯದೇ ನನಗೆ ಮುಖ್ಯ: ತಪ್ಪು ತೋರಿಸುತ್ತದೆ.

ಬಿದರಿ ಕೆಲಸ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಕ ಹೊಯ್ದು, ಉಜ್ಜಿ ನುಣುಪು ಮಾಡಿದ ಹೂಜಿಗೆ ಅವರು ಮೊದಲು ಮೈಲುತುತ್ತದ ನೀರು ಬಳಿಯುತ್ತಾರೆ. ಮೈ ಕಪ್ಪಾಗುತ್ತದೆ. ಆ ಕಪ್ಪು ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಉಳಿ ಹಿಡಿದು ಕೆತ್ತುವಾಗ ಗೆರೆ ಕಣ್ಣಿಗೆ ಕಾಣಲಿ ಅಂತ ಮಾತ್ರ. ಕೋಟೆಯ ಮಣ್ಣು ಹಾಕಿ ಕೊಡುವ ಗಟ್ಟಿ ಕಪ್ಪು ಆಮೇಲಿನದು. ನಮ್ಮ ಬೂದು ಪ್ರೈಮರ್ ಆ ಮೊದಲ ಕಪ್ಪಿನ ಹಾಗೆ. ಕಣ್ಣಿಗೆ ಬೆಳಕು ಕೊಡುವ ಕೋಟ್.

ಮೊದಲ ಹೆಜ್ಜೆ: ಯಾವ ಜಾತಿಯ ಪ್ರೈಮರ್

ಅಂಗಡಿಯಲ್ಲಿ ಹತ್ತು ಹೆಸರು ಕಂಡರೂ ನಮಗೆ ಬೇಕಾಗುವುದು ಮೂರು ಜಾತಿ. ಲ್ಯಾಕರ್, ನೀರಿನ ಅಕ್ರಿಲಿಕ್, ಮತ್ತು ಸ್ಪ್ರೇ ಕ್ಯಾನ್. ಎನಾಮಲ್ ಪ್ರೈಮರ್ ಕೂಡ ಇದೆ, ಆದರೆ ಒಣಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ನಮ್ಮ ಧೂಳಿನ ಊರಲ್ಲಿ ಅಷ್ಟು ಹೊತ್ತು ಹಸಿ ಬಣ್ಣ ಬಿಟ್ಟರೆ ಅದಕ್ಕೆ ಏನೇನು ಅಂಟಿಕೊಳ್ಳುತ್ತದೋ ದೇವರಿಗೇ ಗೊತ್ತು.

ಲ್ಯಾಕರ್ ಅಂದರೆ ಜಪಾನಿನ ಮಿಸ್ಟರ್ ಸರ್ಫೇಸರ್, ತಮಿಯಾದ ಲಿಕ್ವಿಡ್ ಸರ್ಫೇಸ್ ಪ್ರೈಮರ್ ಇಂಥವು. ಪ್ಲಾಸ್ಟಿಕ್‌ನ ಮೇಲ್ಮೈಯನ್ನು ಒಂಚೂರು ಕಚ್ಚಿ ಹಿಡಿಯುತ್ತವೆ. ಬೇಗ ಒಣಗುತ್ತವೆ, ಚೆನ್ನಾಗಿ ಉಜ್ಜಬಹುದು. ಮಿಸ್ಟರ್ ಸರ್ಫೇಸರ್ ಬಾಟಲಿ ಮೇಲಿನ 500, 1000, 1200, 1500 ಅನ್ನುವ ಸಂಖ್ಯೆಗಳನ್ನು ಉಜ್ಜುವ ವಾಟರ್ ಪೇಪರ್ ನಂಬರಿನ ಹಾಗೆ ಓದಿಕೊಳ್ಳಿ. ಸಂಖ್ಯೆ ದೊಡ್ಡದಾದಷ್ಟು ಕಣ ಸಣ್ಣದು. 500 ದಪ್ಪ, ಅದನ್ನು ಬ್ರಶ್‌ನಲ್ಲಿ ಜೋಡಣೆಯ ಗೆರೆಗೆ ತುಂಬಲು ಇಟ್ಟುಕೊಳ್ಳಿ. 1000 ಟ್ಯಾಂಕಿಗೆ, ಲಾರಿಗೆ ಸಾಕು. 1:72ರ ವಿಮಾನಕ್ಕೆ, ಹೊಳೆಯುವ ಕಾರಿಗೆ 1500. ಒಂದೇ ಬಾಟಲಿ ತೆಗೆದುಕೊಳ್ಳುವುದಾದರೆ 1200 ತಗೊಳ್ಳಿ, ಎಲ್ಲಕ್ಕೂ ನಡೆಯುತ್ತದೆ.

ಇದರ ತೊಂದರೆ ಒಂದೇ, ವಾಸನೆ. ಮೊದಲ ಸಲ ಒಳಕೋಣೆಯಲ್ಲಿ ಹೊಡೆದಾಗ ಅಡುಗೆಮನೆಯಿಂದ ಅವ್ವನ ದನಿ ಬಂತು: "ಏನೋ ಮಾಡ್ಲಾಕತ್ತಿ? ಮನಿ ತುಂಬ ಘಾಟ್ ಹೊಡಿಲಾಕತ್ತದ!" ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆ ಘಾಟು ಬರೀ ವಾಸನೆಯಲ್ಲ, ಶ್ವಾಸಕೋಶಕ್ಕೆ ಹೋಗುವ ರಾಸಾಯನಿಕ. ಮುಂದೆ ಹೇಳುತ್ತೇನೆ.

ನೀರಿನ ಅಕ್ರಿಲಿಕ್ ಪ್ರೈಮರ್‌ಗಳಲ್ಲಿ ಸ್ಪೇನ್‌ನ ವಯೇಹೊ ಹೆಚ್ಚು ಸಿಗುತ್ತದೆ. ನಾವೆಲ್ಲ ವಲ್ಲೆಜೋ ಅಂತಲೇ ಕರೆಯುತ್ತೇವೆ, ಇರಲಿ. ಅಮೆರಿಕದ ಬ್ಯಾಜರ್ ಕಂಪನಿಯ ಸ್ಟೈನಿಲ್‌ರೆಝ್ ಕೂಡ ಇದೇ ಜಾತಿ. ವಾಸನೆ ಕಮ್ಮಿ, ಫ್ಲ್ಯಾಟ್‌ನಲ್ಲಿ ಇರುವವರಿಗೆ, ಮನೆಯಲ್ಲಿ ಸಣ್ಣ ಮಕ್ಕಳಿರುವವರಿಗೆ ಇದೇ ಸರಿ. ಆದರೆ ಇವು ಪ್ಲಾಸ್ಟಿಕ್ ಅನ್ನು ಕಚ್ಚುವುದಿಲ್ಲ, ಮೇಲೆ ಒಂದು ತೊಗಲಿನ ಹಾಗೆ ಕೂರುತ್ತವೆ. ವಯೇಹೊ ತರಹದ್ದನ್ನು ಉಜ್ಜಲು ಹೋದರೆ ಅಂಚಿನಲ್ಲಿ ಸಿಪ್ಪೆ ಎದ್ದ ಹಾಗೆ ಏಳುತ್ತದೆ. ಸ್ಟೈನಿಲ್‌ರೆಝ್ ಈ ವಿಷಯದಲ್ಲಿ ಮೇಲು. ಮಾಡೆಲ್‌ಗೆ ಪುಟ್ಟಿ ಜಾಸ್ತಿ ಹಾಕಿದ್ದೀರಾ, ಮತ್ತೆ ಮತ್ತೆ ಉಜ್ಜಬೇಕಾ? ಹಾಗಾದರೆ ಲ್ಯಾಕರ್ ಕಡೆ ಬನ್ನಿ.

ಸ್ಪ್ರೇ ಕ್ಯಾನ್ ಏರ್‌ಬ್ರಶ್ ಇಲ್ಲದವರಿಗೆ. ತಮಿಯಾದ ಫೈನ್ ಸರ್ಫೇಸ್ ಪ್ರೈಮರ್ ಕ್ಯಾನ್ ನಿಜಕ್ಕೂ ಚೆನ್ನಾಗಿದೆ, ತೆಳು ಮಾಡುವ ತಲೆನೋವೇ ಇಲ್ಲ. ಆದರೆ ಕ್ಯಾನ್‌ಗಳು, ಬೆಂಕಿ ಹಿಡಿಯುವ ಬಣ್ಣಗಳು ವಿಮಾನದ ಪಾರ್ಸೆಲ್‌ನಲ್ಲಿ ಹೋಗುವುದಿಲ್ಲ, ರಸ್ತೆ ಮೇಲೆಯೇ ಬರಬೇಕು. ಹಬ್ಬದ ರಜೆಗೆ ಬೇಕಿದ್ದರೆ ಮುಂಚೆಯೇ ಆರ್ಡರ್ ಹಾಕಿ. ಇನ್ನೊಂದು ಮಾತು: ಕ್ಯಾನ್ 50 ಡಿಗ್ರಿ ದಾಟಬಾರದು ಅಂತ ಅದರ ಮೇಲೆಯೇ ಬರೆದಿರುತ್ತದೆ. ಬೇರೆ ಊರಿನವರಿಗೆ ಅದು ಸುಮ್ನೆ ಎಚ್ಚರಿಕೆ. ನಮಗೆ ಹಾಗಲ್ಲ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ, ಪತ್ರಾಸಿನ ಕೋಣೆಯಲ್ಲಿ ಆ ಮಟ್ಟ ಮುಟ್ಟುವುದು ಕಷ್ಟವೇನಲ್ಲ. ಒಳಗಿನ ಕಪಾಟಿನ ಕೆಳಗಿನ ಖಾನೆಯಲ್ಲಿ ಇಡಿ.

ಇನ್ನು ನಾಲ್ಕನೆಯ ದಾರಿ, ಎಲ್ಲರೂ ಒಮ್ಮೆ ಹೋಗಿ ಬರುವ ದಾರಿ: ಗಾಡಿಗೆ ಹೊಡೆಯುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪ್ರೈಮರ್ ಮತ್ತು ಎನ್‌ಸಿ ಥಿನ್ನರ್. ಲೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅಗ್ಗ. ನಾನೂ ಹೋಗಿದ್ದೆ. ಅಂಗಡಿಯವರು ಕೇಳಿದರು: "ಯಾವುದಕ್ಕ ಬೇಕ್ರಿ?" "ಟ್ಯಾಂಕಿಗೆ" ಅಂದೆ. "ಬುಲೆಟ್ ಟ್ಯಾಂಕೇನ್ರಿ?" ಅಂದರು. ಅಂಗೈಯಷ್ಟು ಯುದ್ಧದ ಟ್ಯಾಂಕು ಅಂತ ಹೇಳುವ ಧೈರ್ಯ ಬರಲಿಲ್ಲ, ಹೂಂ ಅಂದು ಅರ್ಧ ಲೀಟರ್ ತಂದೆ.

ಫಲ ಏನಾಯ್ತು ಅಂದರೆ, ಗಾಡಿಯ ಪ್ರೈಮರ್‌ನ ಕಣ ದಪ್ಪ. ತಗಡಿನ ಬಂಪರಿಗೆ ಅದು ಒಳ್ಳೆಯದೇ, ಆದರೆ 1:72ರ ವಿಮಾನದ ಕೂದಲೆಳೆಯಂಥ ಗೆರೆಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಎನ್‌ಸಿ ಥಿನ್ನರ್ ಬಹಳ ತೀಕ್ಷ್ಣ. ಹಸಿಯಾಗಿ ಬಿದ್ದರೆ ಪಾಲಿಸ್ಟೈರೀನ್ ಅನ್ನೇ ಕರಗಿಸುತ್ತದೆ. ನನ್ನ 1:24ರ ಕಾರಿನ ಬಾಗಿಲು ಬೇಸಿಗೆಯ ಕೆರೆ ಅಂಗಳದ ಹಾಗೆ ಸಣ್ಣ ಸಣ್ಣ ಬಿರುಕು ಬಿಟ್ಟಿತು. ಆ ಅರ್ಧ ಲೀಟರ್ ಥಿನ್ನರ್ ವ್ಯರ್ಥವಾಗಲಿಲ್ಲ ಅನ್ನಿ, ಇವತ್ತಿಗೂ ಏರ್‌ಬ್ರಶ್ ತೊಳೆಯಲು ಅದನ್ನೇ ಬಳಸುತ್ತೇನೆ. ಗಟ್ಟಿಕಾರಕ ಬೆರೆಸುವ 2ಕೆ ಪ್ರೈಮರ್ ಮಾತ್ರ ಮನೆಯೊಳಗೆ ಬೇಡವೇ ಬೇಡ. ಅದರಲ್ಲಿ ಐಸೋಸೈನೇಟ್ ಇರುತ್ತದೆ, ಮನೆಯಲ್ಲಿ ಹಾಕಿಕೊಳ್ಳುವ ಮಾಸ್ಕ್ ಅದಕ್ಕೆ ಸಾಲದು.

ಎರಡನೆಯ ಹೆಜ್ಜೆ: ಪ್ರೈಮರ್ ಬಣ್ಣ

ಸಾಮಾನ್ಯಕ್ಕೆ ಬೂದು. ತಪ್ಪು ಹುಡುಕಲು ಅದಕ್ಕಿಂತ ಒಳ್ಳೆಯ ಬಣ್ಣ ಇಲ್ಲ. ಲೋಹದ ಬಣ್ಣ ಬರಬೇಕಾದಲ್ಲಿ ಕಪ್ಪು. ಹಳೆಯ ಜರ್ಮನ್ ಟ್ಯಾಂಕುಗಳಿಗೆ ಇಟ್ಟಿಗೆ ಕೆಂಪು, ಯಾಕೆಂದರೆ ನಿಜವಾದ ಟ್ಯಾಂಕಿಗೂ ಕೆಳಗೆ ಅದೇ ಬಣ್ಣದ ಪ್ರೈಮರ್ ಇತ್ತು. ಮೇಲಿನ ಬಣ್ಣ ಕೆರೆದ ಹಾಗೆ ತೋರಿಸುವಾಗ ಅನುಕೂಲ.

ಕೆಂಪು, ಹಳದಿ ಬಂದಾಗ ಮಾತ್ರ ಯೋಚನೆ ಮಾಡಬೇಕು. ಈ ಎರಡೂ ಬಣ್ಣ ಮುಚ್ಚುವ ಶಕ್ತಿ ಇಲ್ಲದವು. ಕೆಳಗಿನದನ್ನು ತೋರಿಸಿಬಿಡುತ್ತವೆ. ಸೂರ್ಯಕಿರಣ ತಂಡ 1996ರಲ್ಲಿ ಬೀದರ್‌ನಲ್ಲಿ ಶುರುವಾದಾಗ ಕಿರಣ್ ವಿಮಾನ ಹಾರಿಸುತ್ತಿತ್ತು. 2011ರಲ್ಲಿ ನಿಂತು, ಆಮೇಲೆ ಹಾಕ್ ಎಂಕೆ 132ರೊಂದಿಗೆ ಮರಳಿ ಬಂತು. ಒಂಬತ್ತು ವಿಮಾನ ಒಟ್ಟಿಗೆ ಬಂದಾಗ ಆಕಾಶದಲ್ಲಿ ಕಾಣುವ ಆ ಕೆಂಪಿದೆಯಲ್ಲ, ಬೂದು ಪ್ರೈಮರ್ ಮೇಲೆ ಎಷ್ಟು ಕೋಟ್ ಹೊಡೆದರೂ ಅದು ಬರುವುದಿಲ್ಲ. ಇಟ್ಟಿಗೆ ಬಣ್ಣ ಆಗುತ್ತದೆ. ನಾನು ಮಾಡುವುದು ಹೀಗೆ: ಮೊದಲು ಬೂದು ಹೊಡೆದು ತಪ್ಪುಗಳನ್ನು ತಿದ್ದುತ್ತೇನೆ. ಅದರ ಮೇಲೆ ತೆಳ್ಳಗೆ ಬಿಳಿ ಪ್ರೈಮರ್. ಬಿಳಿ ಭಾಗಕ್ಕೆ ಅರ್ಧ ಕೆಲಸ ಅಲ್ಲಿಗೇ ಆಯ್ತು. ಕೆಂಪು ಬರುವ ಕಡೆ ಗುಲಾಬಿ ಬಣ್ಣದ ಒಂದು ಕೋಟ್. ತಮಿಯಾ ಗುಲಾಬಿ ಪ್ರೈಮರ್ ಕ್ಯಾನ್ ಅನ್ನೇ ಮಾರುತ್ತದೆ. ಸಿಗದಿದ್ದರೆ ಬಿಳಿಗೆ ನಾಲ್ಕು ಹನಿ ಕೆಂಪು ಬೆರೆಸಿದರೂ ಆಗುತ್ತದೆ, ಎರಡೂ ಒಂದೇ ಜಾತಿಯವಾಗಿರಬೇಕು ಅಷ್ಟೇ.

ಬಿಳಿಯನ್ನೇ ಮೊದಲು ಹೊಡೆದರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ, ಆದರೆ ಬಿಳಿಯ ಮೇಲೆ ಗೀರು ಕಾಣುವುದಿಲ್ಲ. ಕೆಂಪು ಬಿದ್ದ ಮೇಲೆ ಕಾಣುತ್ತದೆ. ಆಗ ಅಳಬೇಕು.

ಮೂರನೆಯ ಹೆಜ್ಜೆ: ತೊಳೆಯುವುದು

ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯ ಅಂಶ ಪ್ಲಾಸ್ಟಿಕ್ ಮೇಲೆ ಉಳಿದಿರಬಹುದು. ಅದಕ್ಕಿಂತ ದೊಡ್ಡ ಶತ್ರು ನಮ್ಮ ಕೈ. ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದು, ಕೈ ತೊಳೆದೆ ಅಂದುಕೊಂಡು ಬಂದು ವಿಮಾನದ ಹೊಟ್ಟೆ ಹಿಡಿಯುತ್ತೇವೆ. ತಲೆಗೆ ಕೊಬ್ಬರಿ ಎಣ್ಣೆ, ಆಗಾಗ ತಲೆ ಕೆರೆದುಕೊಳ್ಳುವುದು ಬೇರೆ. ಆ ಜಾಗದಲ್ಲಿ ಪ್ರೈಮರ್ ಹೊಡೆದರೆ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ.

ಮೊದಲು 600, ಆಮೇಲೆ 1000 ನಂಬರಿನ ವಾಟರ್ ಪೇಪರ್‌ನಿಂದ ಜೋಡಣೆಗಳನ್ನು ಉಜ್ಜಿ ಮುಗಿಸಿ. ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದ ನೀರಲ್ಲಿ ಹಳೆಯ ಟೂತ್‌ಬ್ರಶ್‌ನಿಂದ ತೊಳೆಯಿರಿ. ಬಿಸಿ ನೀರು ಬೇಡ, ತೆಳು ಭಾಗ ಸೊಟ್ಟಗಾಗುತ್ತದೆ. ಬೋರ್‌ವೆಲ್ ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ, ಅದಕ್ಕೆ ಕೊನೆಯ ಸಲ ಫಿಲ್ಟರ್ ನೀರಲ್ಲಿ ಜಾಲಿಸಿ. ನೆರಳಲ್ಲಿ ಒಣಗಲಿ. ಹೊಡೆಯುವ ಮುಂಚೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒಂದು ಸಲ ಒರೆಸಿ, ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ನೈಟ್ರೈಲ್ ಗ್ಲೌಸ್ ಹಾಕಿ, ಇಲ್ಲವೇ ಕಡ್ಡಿಗೆ ಕ್ಲಿಪ್ ಕಟ್ಟಿ ಹಿಡಿಯಿರಿ.

ನಾಲ್ಕನೆಯ ಹೆಜ್ಜೆ: ಹೊತ್ತು ನೋಡುವುದು

ಬೇಸಿಗೆಯಲ್ಲಿ ಪ್ರೈಮರ್ ಹೊಡೆಯುವ ಹೊತ್ತು ಬೆಳಗ್ಗೆ 6ರಿಂದ 8. ಅಷ್ಟರ ನಂತರ ಹೊಡೆದರೆ ಏರ್‌ಬ್ರಶ್ ಬಾಯಿಂದ ಹೊರಟ ಹನಿ ಮಾಡೆಲ್ ಮುಟ್ಟುವ ಮೊದಲೇ ಅರ್ಧ ಒಣಗಿರುತ್ತದೆ. ಹಸಿ ಹನಿ ಬಿದ್ದರೆ ಪಕ್ಕದ ಹನಿಯ ಜೊತೆ ಸೇರಿ ಸಮ ಆಗುತ್ತದೆ. ಒಣಗಿದ ಹನಿ ಪುಡಿಯಾಗಿ ಕೂರುತ್ತದೆ. ನನ್ನ ರೆಕ್ಕೆಯ ಮೇಲೆ ಬಿದ್ದ ಜೋಳದ ರವೆ ಅದೇ.

ಅದನ್ನು ಸರಿ ಮಾಡಲು ಹೋಗಿ ನಾನು ಮಾಡಿದ ಎರಡನೆಯ ತಪ್ಪು ಕೇಳಿ. ಸೆಖೆ ತಾನೇ ಸಮಸ್ಯೆ ಅಂತ ಮರುದಿನ ಕಿಟಕಿ ಹಾಕಿ ಕೂಲರ್ ಹಚ್ಚಿದೆ. ಕೋಣೆ ತಂಪಾಯ್ತು. ಖುಷಿಯಿಂದ ಇನ್ನೊಂದು ರೆಕ್ಕೆಗೆ ಹೊಡೆದೆ. ಐದು ನಿಮಿಷದಲ್ಲಿ ಬೂದು ಪ್ರೈಮರ್ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ. ಆಷಾಢದಲ್ಲಿ, ಶ್ರಾವಣದಲ್ಲಿ ಹೀಗಾಗುವುದು ಗೊತ್ತಿತ್ತು. ಮೇ ತಿಂಗಳಲ್ಲಿ, ತುಟಿ ಒಡೆಯುವ ಒಣಹವೆಯಲ್ಲಿ ಹೇಗೆ ಅಂತ ತಲೆ ಕೆಟ್ಟಿತು. ಉತ್ತರ ಕಣ್ಣ ಮುಂದೆಯೇ ಗರಗರ ತಿರುಗುತ್ತಿತ್ತು. ಕೂಲರ್ ಕೆಲಸವೇ ನೀರನ್ನು ಗಾಳಿಗೆ ಬೆರೆಸುವುದು. ಥಿನ್ನರ್ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಬಂದು ಕೂತು ಬಿಳಿಚುತ್ತದೆ.

ಹಾಗಾಗಿ ಹೊಡೆಯುವ ಅರ್ಧ ಗಂಟೆ ಮೊದಲೇ ಕೂಲರ್ ಬಂದ್ ಮಾಡಿ, ಕಿಟಕಿ ತೆಗೆಯಿರಿ. ತಾಪ, ತೇವ ಎರಡೂ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ತೇವ 70 ಪ್ರತಿಶತದ ಮೇಲಿದ್ದರೆ ಲ್ಯಾಕರ್ ಮುಟ್ಟಬೇಡಿ. ಮಳೆಗಾಲದಲ್ಲಿ ಹೊತ್ತು ತಿರುವುಮುರುವು: ಬೆಳಗಿನ ಬದಲು ಮಧ್ಯಾಹ್ನ, ಬಿಸಿಲು ಬಿದ್ದ ಹೊತ್ತಿಗೆ ಹೊಡೆಯಿರಿ. ಕಂಪ್ರೆಸರ್ ಪೈಪಿನಲ್ಲಿ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು.

ಧೂಳಿಗೆ ಹಳೆಯ ಉಪಾಯವೇ ಸಾಕು. ಒಣ ಫರ್ಸಿ ನೆಲಕ್ಕೆ ತೆಳ್ಳಗೆ ಚಳೆ ಹೊಡೆದು ಹತ್ತು ನಿಮಿಷ ಬಿಡಿ. ಫ್ಯಾನ್ ಹಚ್ಚಬೇಡಿ.

ಐದನೆಯ ಹೆಜ್ಜೆ: ತೆಳು ಮಾಡುವುದು

ಇಲ್ಲಿ ನಿಧಾನಕ್ಕೆ ಹೋಗೋಣ.

ಮೊದಲ ನಿಯಮ, ಜಾತಿಗೆ ಜಾತಿಯ ಥಿನ್ನರ್. ಲ್ಯಾಕರ್ ಪ್ರೈಮರ್‌ಗೆ ಲ್ಯಾಕರ್ ಥಿನ್ನರ್. ನೀರಿನ ಪ್ರೈಮರ್‌ಗೆ ಅದೇ ಕಂಪನಿಯ ಏರ್‌ಬ್ರಶ್ ಥಿನ್ನರ್. ಎನಾಮಲ್‌ಗೆ ಟರ್ಪೆಂಟೈನ್. ವಯೇಹೊ ಪ್ರೈಮರ್‌ಗೆ ಲ್ಯಾಕರ್ ಥಿನ್ನರ್ ಹಾಕಿದರೆ ಒಡೆದ ಹಾಲಿನ ಹಾಗೆ ಗಂಟು ಗಂಟಾಗುತ್ತದೆ. ಅದು ಏರ್‌ಬ್ರಶ್ ಒಳಗೆ ಆದರೆ ಆ ದಿನ ಪೂರ್ತಿ ಸೂಜಿ, ನಾಜಲ್ ಬಿಚ್ಚಿಕೊಂಡು ಕೂರುವುದೇ ಕೆಲಸ.

ಲ್ಯಾಕರ್ ಥಿನ್ನರ್‌ನಲ್ಲಿ ಎರಡು ಬಗೆ. ಮಿಸ್ಟರ್ ಕಲರ್ ಥಿನ್ನರ್ ಸಾಮಾನ್ಯದ್ದು. ಮಿಸ್ಟರ್ ಲೆವೆಲಿಂಗ್ ಥಿನ್ನರ್‌ನಲ್ಲಿ ಒಣಗುವುದನ್ನು ತಡ ಮಾಡುವ ಅಂಶ ಸೇರಿದೆ. ಚಳಿಯ ದೇಶದವರಿಗೆ ಅದು ನಯಕ್ಕೆ ಮಾತ್ರ. ನಮಗೆ ಮಾರ್ಚ್‌ನಿಂದ ಜೂನ್‌ವರೆಗೆ ಅದಿಲ್ಲದೆ ನಡೆಯುವುದಿಲ್ಲ. ದುಡ್ಡು ಉಳಿಸಬೇಕಿದ್ದರೆ ಬೇರೆ ಎಲ್ಲಾದರೂ ಉಳಿಸಿ.

ಈಗ ಬೆರೆಸೋಣ. ಪ್ರೈಮರ್ ಬಾಟಲಿಯನ್ನು ಅಲ್ಲಾಡಿಸಿ ಸುಮ್ಮನಾಗಬೇಡಿ. ಕೆಳಗೆ ಗಸಿ ಕೂತಿರುತ್ತದೆ. ಐಸ್‌ಕ್ರೀಂ ಕಡ್ಡಿ ಇಳಿಸಿ, ತಳ ಕೆರೆದು ಕೆರೆದು ಕಲಕಿ. ಕಡ್ಡಿ ಮೇಲೆತ್ತಿದಾಗ ತುದಿಗೆ ಮುದ್ದೆ ಅಂಟಿದ್ದರೆ ಇನ್ನೂ ಆಗಿಲ್ಲ. ಎರಡು ನಿಮಿಷ ಕಲಕಿದ ಮೇಲೆ ಕಡ್ಡಿಯಿಂದ ಒಂದೇ ಎಳೆಯಾಗಿ ಇಳಿಯಬೇಕು.

ಬೆರೆಸುವ ಬಟ್ಟಲು ಮುಖ್ಯ. ಚಹಾ ಕುಡಿಯುವ ಥರ್ಮಾಕೋಲ್ ಕಪ್, ಪಾರ್ಟಿಯ ಗರಿಗರಿ ಪ್ಲಾಸ್ಟಿಕ್ ಲೋಟ ಬೇಡ. ಅವೂ ಪಾಲಿಸ್ಟೈರೀನ್ ಜಾತಿಯವೇ, ಲ್ಯಾಕರ್ ಥಿನ್ನರ್‌ಗೆ ಕರಗುತ್ತವೆ. ನನ್ನ ಒಂದು ಲೋಟದ ತಳ ಕಳಚಿ ಬಿದ್ದು ಪ್ರೈಮರ್ ಎಲ್ಲ ಫರ್ಸಿಯ ಮೇಲೆ ಹರಿದಿತ್ತು, ಆ ಬೂದು ಕಲೆ ಇನ್ನೂ ಇದೆ. ಕೆಮ್ಮಿನ ಔಷಧಿ ಬಾಟಲಿಯ ಮೇಲೆ ಬರುವ ಅಳತೆ ಕಪ್ ಇಟ್ಟುಕೊಳ್ಳಿ. ಎಂಎಲ್ ಗೆರೆಯೂ ಇರುತ್ತದೆ, ಹೆಚ್ಚಿನವು ಕರಗುವುದೂ ಇಲ್ಲ. ಮೆಡಿಕಲ್ ಶಾಪಿನ 5 ಎಂಎಲ್ ಸಿರಿಂಜ್ ಎರಡು ತಂದು, ಒಂದು ಪ್ರೈಮರ್‌ಗೆ, ಒಂದು ಥಿನ್ನರ್‌ಗೆ ಅಂತ ಮೀಸಲಿಡಿ.

ಕಪ್‌ಗೆ ಮೊದಲು ಥಿನ್ನರ್, ಆಮೇಲೆ ಪ್ರೈಮರ್. ಹೀಗೆ ಹಾಕಿದರೆ ತಳದಲ್ಲಿ ಗಟ್ಟಿ ಪ್ರೈಮರ್ ಅಂಟಿ ಉಳಿಯುವುದಿಲ್ಲ.

ನನ್ನ ಲೆಕ್ಕ, ಮಿಸ್ಟರ್ ಸರ್ಫೇಸರ್ 1000ರಿಂದ 1500ರವರೆಗೆ, 0.3 ಮಿಮೀ ನಾಜಲ್‌ಗೆ: ಡಿಸೆಂಬರ್, ಜನವರಿಯಲ್ಲಿ 1 ಭಾಗ ಪ್ರೈಮರ್‌ಗೆ 1 ಅಥವಾ ಒಂದೂವರೆ ಭಾಗ ಸಾಮಾನ್ಯ ಥಿನ್ನರ್, 15 ಪಿಎಸ್‌ಐ. ಬೇಸಿಗೆಯಲ್ಲಿ 1 ಭಾಗಕ್ಕೆ 2 ಭಾಗ ಲೆವೆಲಿಂಗ್ ಥಿನ್ನರ್, 12 ಪಿಎಸ್‌ಐ. ಮಳೆಗಾಲದ ಒಣ ದಿನಗಳಲ್ಲಿ ಒಂದೂವರೆ ಭಾಗ, ಲೆವೆಲಿಂಗ್ ಥಿನ್ನರ್‌ನದೇ. ಒತ್ತಡ ಯಾಕೆ ಇಳಿಸಬೇಕು ಅಂದರೆ, ಗಾಳಿ ಜೋರಾದಷ್ಟು ಹನಿ ಸಣ್ಣದಾಗುತ್ತದೆ, ಸಣ್ಣ ಹನಿ ದಾರಿಯಲ್ಲೇ ಒಣಗುತ್ತದೆ. ಬಣ್ಣ ತೆಳುವಾಗಿದ್ದರೆ ಕಮ್ಮಿ ಗಾಳಿಯಲ್ಲೂ ಸಲೀಸಾಗಿ ಬರುತ್ತದೆ.

ಸಂಖ್ಯೆಗಿಂತ ಕಣ್ಣನ್ನು ನಂಬಿ. ಕಪ್ ಅನ್ನು ಒಮ್ಮೆ ಓರೆ ಮಾಡಿ ನೆಟ್ಟಗೆ ಹಿಡಿಯಿರಿ. ಒಳಗೋಡೆಗೆ ಅಂಟಿದ ಬಣ್ಣ ಗಟ್ಟಿ ಮಜ್ಜಿಗೆಯ ಹಾಗೆ ದಪ್ಪ ಪದರವಾಗಿ ನಿಂತರೆ ಥಿನ್ನರ್ ಸಾಲದು. ನೀರಿನ ಹಾಗೆ ಗೋಡೆ ಬಿಟ್ಟು ಓಡಿದರೆ ಜಾಸ್ತಿ ಆಯ್ತು. ಊಟದ ಕೊನೆಗೆ ಕುಡಿಯುವ ತಿಳಿ ಮಜ್ಜಿಗೆ ಲೋಟಕ್ಕೆ ತೆಳುವಾದ ಪರದೆ ಬಿಟ್ಟು ನಿಧಾನ ಇಳಿಯುತ್ತದಲ್ಲ, ಅಷ್ಟಿರಬೇಕು.

ನೀರಿನ ಪ್ರೈಮರ್ ಲೆಕ್ಕ ಬೇರೆ. ಅವು ಬಾಟಲಿಯಿಂದಲೇ ಏರ್‌ಬ್ರಶ್‌ಗೆ ಹಾಕುವಂತೆ ಬರುತ್ತವೆ. 0.4 ಅಥವಾ 0.5 ನಾಜಲ್ ಇದ್ದರೆ, 20ರಿಂದ 25 ಪಿಎಸ್‌ಐನಲ್ಲಿ ಹಾಗೆಯೇ ಹೊಡೆಯಬಹುದು. 0.3 ಇದ್ದರೆ ಹತ್ತು ಹನಿಗೆ ಒಂದೆರಡು ಹನಿ ಥಿನ್ನರ್ ಸಾಕು. ಬೇಸಿಗೆಯಲ್ಲಿ ಸೂಜಿಯ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುವುದು ಇವುಗಳ ದೊಡ್ಡ ಕಾಟ. ಅದಕ್ಕೆ ಫ್ಲೋ ಇಂಪ್ರೂವರ್ (ಬಣ್ಣ ಕಟ್ಟಿಕೊಳ್ಳದೆ ಹರಿಯಲು ಹಾಕುವ ದ್ರವ) ಒಂದೆರಡು ಹನಿ ಸೇರಿಸಿ, ಸೂಜಿ ತುದಿಯನ್ನು ಆಗಾಗ ಒದ್ದೆ ಬ್ರಶ್‌ನಿಂದ ಒರೆಸುತ್ತಿರಿ. ನಲ್ಲಿ ನೀರು ಸುರಿದು ತೆಳು ಮಾಡಬೇಡಿ. ಹಿಡಿಯುವ ಅಂಟು ಒಡೆದು, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿ ಹನಿಯಾಗಿ ನಿಲ್ಲುತ್ತದೆ.

ಆರನೆಯ ಹೆಜ್ಜೆ: ಹೊಡೆಯುವುದು

ಮಾಸ್ಕ್ ಹಾಕದೆ ಲ್ಯಾಕರ್ ಹೊಡೆಯಬೇಡಿ. ಬಟ್ಟೆಯ ಮಾಸ್ಕ್, ಎನ್95 ಇವೆಲ್ಲ ಧೂಳಿಗೆ. ಥಿನ್ನರ್‌ನ ಆವಿ ಅವುಗಳಲ್ಲಿ ಸಲೀಸಾಗಿ ಒಳಗೆ ಬರುತ್ತದೆ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಹಾಕಿಕೊಂಡ ಮೇಲೂ ವಾಸನೆ ಬಂದರೆ ಕಾರ್ಟ್ರಿಜ್ ಮುಗಿದಿದೆ ಅಂತ, ಇಲ್ಲವೇ ಮುಖಕ್ಕೆ ಸರಿಯಾಗಿ ಕೂತಿಲ್ಲ. ಹತ್ತಿರ ಗ್ಯಾಸ್ ಒಲೆ, ದೇವರ ದೀಪ, ಊದಿನಕಡ್ಡಿ ಯಾವುದೂ ಉರಿಯುತ್ತಿರಬಾರದು. ಬೆಳಗ್ಗೆ 6 ಗಂಟೆ ಪೂಜೆಯ ಹೊತ್ತೂ ಹೌದು, ಮನೆಯವರಿಗೆ ಮೊದಲೇ ಹೇಳಿಡಿ.

ನೇರ ಮಾಡೆಲ್ ಮೇಲೆ ಬೇಡ. ಮೊದಲು ಬಿಳಿ ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಹೊಡೆದು ನೋಡಿ. ಚಮಚದ ಉಬ್ಬು ವಿಮಾನದ ಮೂತಿಯ ಹಾಗೇ ಇರುತ್ತದೆ, ಅಲ್ಲಿ ಜಾರಿದರೆ ಇಲ್ಲೂ ಜಾರುತ್ತದೆ. ಸರಿ ಬಂದರೆ ಮುಂದೆ.

ಏರ್‌ಬ್ರಶ್ ದೂರ ಚಳಿಗಾಲದಲ್ಲಿ 10-12 ಸೆಂಟಿಮೀಟರ್, ಬೇಸಿಗೆಯಲ್ಲಿ 7-8. ಕ್ಯಾನ್ ಆದರೆ 20-25. ಮೊದಲ ಕೋಟ್ ಇಬ್ಬನಿ ಬಿದ್ದ ಹಾಗೆ, ಪ್ಲಾಸ್ಟಿಕ್ ಬಣ್ಣ ಪೂರ್ತಿ ಕಾಣುತ್ತಲೇ ಇರಬೇಕು. ಕೈ ತಡೆಯುವುದಿಲ್ಲ, ಮುಚ್ಚಿಬಿಡೋಣ ಅನಿಸುತ್ತದೆ. ತಡೆಯಿರಿ. ಐದು ನಿಮಿಷ ಬಿಟ್ಟು ಎರಡನೆಯದು ಹಸಿಯಾಗಿ. ಹೊಡೆದ ಕ್ಷಣ ಮೈ ಒದ್ದೆಯಾಗಿ ಹೊಳೆದು, ಎರಡು ಮೂರು ಉಸಿರಿನಲ್ಲಿ ಆ ಹೊಳಪು ಮಂಕಾಗಬೇಕು. ಹೊಳೆಯದೇ ಇದ್ದರೆ ದೂರ ಜಾಸ್ತಿ, ಇಲ್ಲವೇ ಥಿನ್ನರ್ ಕಮ್ಮಿ. ಹೊಳಪು ನಿಂತೇ ಬಿಟ್ಟರೆ ಕೈ ಬೇಗ ಸರಿಸಿ, ಇಲ್ಲದಿದ್ದರೆ ಸೋರುತ್ತದೆ. ಗುಂಡಿ ಒತ್ತುವುದು, ಬಿಡುವುದು ಎರಡೂ ಮಾಡೆಲ್‌ನ ಅಂಚು ದಾಟಿದ ಮೇಲೆ. ಮೂರನೆಯ ಕೋಟ್ ಬೇಕಿದ್ದ ಕಡೆ ಮಾತ್ರ.

ಕರೆಂಟ್ ಹೋಗುವ ಊರು ನಮ್ಮದು. ಟ್ಯಾಂಕ್ ಇರುವ ಕಂಪ್ರೆಸರ್ ಆದರೆ ಒಳಗಿನ ಗಾಳಿಯಲ್ಲಿ ಹಿಡಿದ ಭಾಗವನ್ನಾದರೂ ಮುಗಿಸಬಹುದು.

ಏಳನೆಯ ಹೆಜ್ಜೆ: ನೋಡುವುದು, ತಿದ್ದುವುದು

ಲ್ಯಾಕರ್ 15 ನಿಮಿಷಕ್ಕೆ ಮುಟ್ಟುವಷ್ಟು ಒಣಗುತ್ತದೆ. ಉಜ್ಜಲು ಒಂದು ರಾತ್ರಿ ಬಿಡಿ. ನೀರಿನ ಪ್ರೈಮರ್‌ಗೆ 24 ಗಂಟೆ, ಬೇರೆ ಬಣ್ಣ ತಾಗದಂತೆ ಮುಚ್ಚುವ ಮಾಸ್ಕಿಂಗ್ ಟೇಪ್ ಹಚ್ಚುವುದಿದ್ದರೆ 48.

ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚ್ ಅನ್ನು ಮೈಗೆ ಓರೆಯಾಗಿ ಹಿಡಿಯಿರಿ. ಹಗಲು ಕಾಣದ ಗೆರೆಯೆಲ್ಲ ನೆರಳು ಚೆಲ್ಲಿ ನಿಲ್ಲುತ್ತದೆ. ನನ್ನ ಹಾಕ್‌ನ ಬೆನ್ನಿನ ಜೋಡಣೆ ಹೀಗೇ ಸಿಕ್ಕಿತು, ಮೂರು ಸಲ ಉಜ್ಜಿ ಮುಗಿಯಿತು ಅಂದುಕೊಂಡಿದ್ದೆ. ಸಣ್ಣ ಗೆರೆಗೆ ಸರ್ಫೇಸರ್ 500 ಅನ್ನು ಬ್ರಶ್ ತುದಿಯಿಂದ ಹಚ್ಚಿ, ಒಣಗಿದ ಮೇಲೆ 1000ದ ವಾಟರ್ ಪೇಪರ್ ನೀರಲ್ಲಿ ಅದ್ದಿ ಉಜ್ಜಿ, ಆ ಜಾಗಕ್ಕಷ್ಟೇ ಮತ್ತೆ ಪ್ರೈಮರ್ ಹೊಡೆಯಿರಿ.

ರವೆಯಂತೆ ಒರಟಾಗಿದ್ದರೆ 1500ರ ಪೇಪರ್‌ನಿಂದ ಹಗುರವಾಗಿ ಉಜ್ಜಿದರೆ ಬಹಳಷ್ಟು ಹೋಗುತ್ತದೆ. ಬಿಳಿಚಿದ್ದರೆ ಗಾಬರಿ ಬೇಡ, ಒಣ ದಿನ ನೋಡಿ ಬರೀ ಲೆವೆಲಿಂಗ್ ಥಿನ್ನರ್ ಅನ್ನು ದೂರದಿಂದ ಇಬ್ಬನಿಯಂತೆ ಹೊಡೆದರೆ ಪೊರೆ ಕರಗುತ್ತದೆ. ಸೋರಿದ್ದರೆ ಹಸಿ ಇರುವಾಗ ಮುಟ್ಟಬೇಡಿ, ಒಣಗಿದ ಮೇಲೆ ಉಜ್ಜಿ. ಸಿಪ್ಪೆ ಎದ್ದರೆ ಮಾತ್ರ ತೇಪೆ ಹಾಕುವ ಮಾತಿಲ್ಲ, ತೆಗೆದು ಮತ್ತೆ ತೊಳೆಯುವುದರಿಂದ ಶುರು ಮಾಡಿ.

ಹಿಡಿದಿದೆಯೋ ಇಲ್ಲವೋ ನೋಡಲು ಆ ಚಮಚ ಇದೆಯಲ್ಲ, ಅದನ್ನು ಎಸೆದಿರಬಾರದು. ಅದರ ಮೇಲೆ ಸೆಲೋ ಟೇಪ್ ಒತ್ತಿ ಹಚ್ಚಿ, ಚುರುಕಾಗಿ ಕೀಳಿ. ಟೇಪಿಗೆ ಏನೂ ಬರದಿದ್ದರೆ ಮಾಸ್ಕಿಂಗ್‌ಗೆ ಹೋಗಬಹುದು.

ಎಂಟನೆಯ ಹೆಜ್ಜೆ: ತೊಳೆದಿಡುವುದು

ಹೊಡೆದ ಕೂಡಲೇ ಏರ್‌ಬ್ರಶ್ ತೊಳೆಯಿರಿ, ಚಹಾ ಕುಡಿದು ಬರುತ್ತೇನೆ ಅನ್ನಬೇಡಿ. ಪ್ರೈಮರ್ ಬಣ್ಣಕ್ಕಿಂತ ಗಟ್ಟಿ ಕಚ್ಚುತ್ತದೆ. ಲ್ಯಾಕರ್ ಆದರೆ ಎನ್‌ಸಿ ಥಿನ್ನರ್ ಎರಡು ಸಲ ಹಾಯಿಸಿ, ಸೂಜಿ ತೆಗೆದು ಒರೆಸಿ. ಒಳಗೆ ಸಾದಾ ರಬ್ಬರ್ ವಾಷರ್ ಇದ್ದರೆ ಅದರಲ್ಲಿ ನೆನೆಸಿಡಬೇಡಿ, ಉಬ್ಬುತ್ತದೆ. ಉಳಿದ ಥಿನ್ನರ್ ಮೋರಿಗೆ ಸುರಿಯಬೇಡಿ, ಒಂದು ಗಾಜಿನ ಬಾಟಲಿಯಲ್ಲಿ ಹಾಕಿಡಿ. ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮತ್ತೆ ತೊಳೆಯಲು ಬಳಸಬಹುದು.

ಪ್ರೈಮರ್ ಬಾಟಲಿಯ ಬಾಯಿ ಒರೆಸಿ ಮುಚ್ಚಿ. ಒರೆಸದಿದ್ದರೆ ಮುಂದಿನ ಸಲ ಮುಚ್ಚಳ ತೆಗೆಯಲು ಇಕ್ಕಳ ಬೇಕಾಗುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಬಾಟಲಿಯೂ ದಪ್ಪವಾಗುತ್ತದೆ, ಜೂನ್‌ನಲ್ಲಿ ತೆಗೆದಾಗ ಮಾರ್ಚ್‌ನ ಲೆಕ್ಕ ನಡೆಯದೇ ಇರಬಹುದು.

ಆ ಚಮಚದ ಹಿಡಿಯ ಮೇಲೆ ಮಾರ್ಕರ್‌ನಿಂದ ದಿನ, ಹೊತ್ತು, ತಾಪ, ತೇವ, ಲೆಕ್ಕ ಬರೆದಿಡಿ. ನನ್ನ ಹತ್ತಿರ ಅಂಥ ಚಮಚಗಳು ಒಂದು ಡಬ್ಬಿ ತುಂಬ ಇವೆ. ಮೊನ್ನೆ ಹಾಕ್‌ನ ರೆಕ್ಕೆ ಉಜ್ಜಿ ಮತ್ತೆ ಹೊಡೆಯುವ ಮುಂಚೆ ಡಬ್ಬಿ ಕೆದಕಿದೆ. ಒಂದರ ಮೇಲೆ ಹೀಗಿತ್ತು: "ಬೆಳಗ್ಗೆ 6:20, 31 ಡಿಗ್ರಿ, ತೇವ 38, 1ಕ್ಕೆ 2 ಲೆವೆಲಿಂಗ್, 12 ಪಿಎಸ್‌ಐ, ಕೂಲರ್ ಬಂದ್." ಬೆನ್ನು ಸವರಿ ನೋಡಿದೆ, ನುಣ್ಣಗಿತ್ತು. ಅದೇ ಲೆಕ್ಕ ಹಾಕಿ ಅಲಾರಾಂ 5:45ಕ್ಕೆ ಇಟ್ಟೆ.